ಪಾಲು ತಪ್ಪಿದರೆ ಗಡ್ಡೆಯೇ?

ಪ್ರಶ್ನೆ ಇಷ್ಟು: ಕಾಂಡಕೋಶ (ಸ್ಟೆಮ್ ಸೆಲ್) ಎರಡಾಗಿ ಒಡೆಯುವಾಗ ಪಾಲು ತಪ್ಪುವುದೇ ಗಡ್ಡೆಯ ಬೇರು ಅನ್ನಬಹುದೇ? ಹೌದು ಅನ್ನುವವಳು ಪುಣೆಯ ಒಂದು ಲ್ಯಾಬಿನಲ್ಲಿ ಹಣ್ಣುನೊಣಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ಹುಡುಗಿ. ಅಲ್ಲ ಅನ್ನುವವರು ಅವಳ ಕಾಕಾ. ಮುಂಬೈಯಲ್ಲಿ ಮೂವತ್ತು ವರ್ಷ ಗಡ್ಡೆಗಳ ಸ್ಲೈಡ್ ಮಾಡಿ ನಿವೃತ್ತರಾದವರು. ಊರು ಇಬ್ಬರದೂ ಧಾರವಾಡದ ಕಡೆ.

ಪರ: ಹೌದು, ಬೇರು ಅಲ್ಲೇ ಇದೆ

ನಮ್ಮ ಅಜ್ಜ ಜೋಳದ ರಾಶಿಗೆ ಮೊದಲು ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ತುಂಬಿದ ತೆನೆಗಳನ್ನು ಆರಿಸಿ, ಕಟ್ಟು ಕಟ್ಟಿ, ಒಳಮನೆಯ ಜಂತಿಗೆ ತೂಗುಹಾಕುತ್ತಿದ್ದರು. ಅದು ಬಿತ್ತನೆಗೆ. ಉಳಿದದ್ದು ರೊಟ್ಟಿಗೆ. ಬೀಜವನ್ನೂ ತಿಂದುಬಿಟ್ಟರೆ ಮುಂದಿನ ವರ್ಷ ಹೊಲ ಖಾಲಿ. ಎಲ್ಲವನ್ನೂ ಬೀಜಕ್ಕೇ ಇಟ್ಟರೆ ಈ ವರ್ಷ ಮನೆಯವರಿಗೆ ಉಪವಾಸ.

ಕಾಂಡಕೋಶ ಬದುಕುವುದೂ ಹೀಗೇ. ಅದು ಎರಡಾಗಿ ಒಡೆದಾಗ ಒಂದು ಮರಿ ಮತ್ತೆ ಕಾಂಡಕೋಶವಾಗಿಯೇ ಉಳಿಯುತ್ತದೆ. ಅದು ಬೀಜ. ಇನ್ನೊಂದು ಮರಿ ನರವೋ ಚರ್ಮವೋ ರಕ್ತವೋ ಆಗಿ ಕೆಲಸಕ್ಕೆ ಹೋಗುತ್ತದೆ. ಅದು ಕಾಳು. ತಾಯಿ ಒಂದೇ, ಮಕ್ಕಳಿಗೆ ಸಿಗುವ ಪಾಲು ಬೇರೆ ಬೇರೆ. ಇದಕ್ಕೆ ಅಸಮ ವಿಭಜನೆ ಅನ್ನುತ್ತಾರೆ.

ಲೆಕ್ಕ ಹಾಕಿ ನೋಡಿ. ಪಾಲು ಸರಿಯಾಗಿದ್ದರೆ ಹತ್ತು ಸಲ ಒಡೆದ ಮೇಲೂ ಕಾಂಡಕೋಶ ಒಂದೇ. ಜೊತೆಗೆ ಹತ್ತು ಕೆಲಸದ ಮರಿಗಳು. ಪಾಲು ತಪ್ಪಿ ಪ್ರತಿ ಸಲವೂ ಎರಡೂ ಮರಿಗಳು ಬೀಜವೇ ಆದರೆ? ಹತ್ತನೇ ಸಲಕ್ಕೆ 1024. ಎಲ್ಲವೂ ಮತ್ತೆ ಒಡೆಯಲು ತಯಾರು, ಕೆಲಸಕ್ಕೆ ಮಾತ್ರ ಒಂದೂ ಇಲ್ಲ. ಗಡ್ಡೆ ಅಂದರೆ ಇದೇ ಅಲ್ವಾ?

ಇದು ಸುಮ್ನೆ ಕಾಗದದ ಮೇಲಿನ ಲೆಕ್ಕವಲ್ಲ. ಕಣ್ಣಾರೆ ನೋಡಬಹುದು.

ನಮ್ಮ ನೊಣದ ಕೋಣೆಯಲ್ಲಿ ವರ್ಷವಿಡೀ 25 ಡಿಗ್ರಿ. ಹೊರಗೆ ಪುಣೆಯ ಮೇ ತಿಂಗಳು ಸುಡುತ್ತಿದ್ದರೂ ಒಳಗೆ ಹದವಾಗಿರುತ್ತದೆ. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಅಗರ್ ಹಾಕಿ ಕುದಿಸಿ ಬಾಟಲಿಗಳಿಗೆ ಸುರಿಯುತ್ತೇವೆ. ಕೋಣೆಯ ತುಂಬ ಹುಳಿ ಬಂದ ಅಂಬಲಿಯ ವಾಸನೆ. ಮೊಟ್ಟೆ ನೊಣವಾಗಲು ಹತ್ತು ದಿನ ಸಾಕು. ಮರಿಹುಳು ಬಲಿತು, ತಿನ್ನುವುದನ್ನು ಬಿಟ್ಟು, ಬಾಟಲಿಯ ಗೋಡೆ ಹತ್ತಲು ಶುರುಮಾಡಿದಾಗ ಒಂದನ್ನು ಎತ್ತಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇನೆ. ಒಂದು ಚಿಮಟದಲ್ಲಿ ಬಾಯಿಯ ಕಪ್ಪು ಕೊಕ್ಕೆ, ಇನ್ನೊಂದರಲ್ಲಿ ಮೈ. ಮೆಲ್ಲಗೆ ಎಳೆದರೆ ಕೊಕ್ಕೆಯ ಹಿಂದೆಯೇ ಮಿದುಳು ಬರುತ್ತದೆ. ಸಾಸಿವೆಗಿಂತ ಚಿಕ್ಕದು. ಎರಡು ದುಂಡನೆಯ ಹಾಲೆ, ಕೆಳಗೆ ಬಾಲದ ಹಾಗೆ ನರದ ಎಳೆ.

ಆ ಮಿದುಳಿನ ನಡುಭಾಗದಲ್ಲಿ ಒಂದೊಂದು ಹಾಲೆಗೆ ಸುಮಾರು 100 ನ್ಯೂರೋಬ್ಲಾಸ್ಟ್‌ಗಳಿವೆ. ಇವೇ ನರದ ಕಾಂಡಕೋಶಗಳು. ಮಿರಾಂಡಾ ಅನ್ನುವ ಪ್ರೊಟೀನಿಗೆ ಹಸಿರು ಹೊಳೆಯುವ ಬಣ್ಣ ಹಾಕಿದರೆ, ಒಡೆಯಲಿರುವ ಕೋಶದ ಒಂದೇ ಅಂಚಿನಲ್ಲಿ ಬಿದಿಗೆ ಚಂದ್ರನಂಥ ಗೆರೆ ಕಾಣುತ್ತದೆ. ಕೋಶ ಒಡೆದಾಗ ಆ ಚಂದ್ರ ಇಡಿಯಾಗಿ ಚಿಕ್ಕ ಮರಿಯ ಪಾಲಿಗೆ ಹೋಗುತ್ತದೆ. ಮೊದಲ ಸಲ ನೋಡಿದ ದಿನ ನಾನು ಊಟಕ್ಕೂ ಏಳಲಿಲ್ಲ.

ಮಿರಾಂಡಾ ಒಂದು ಗಂಟು ಹೊತ್ತಿರುತ್ತದೆ. ಅದರಲ್ಲಿ ಪ್ರೊಸ್ಪೆರೊ, ಬ್ರ್ಯಾಟ್ ಅನ್ನುವ ಎರಡು ಪ್ರೊಟೀನುಗಳು. ನಂಬ್ ಅನ್ನುವ ಮೂರನೆಯದೂ ಅದೇ ಅಂಚಿಗೆ ಬಂದು ಸೇರುತ್ತದೆ. ಪ್ರೊಸ್ಪೆರೊ ಚಿಕ್ಕ ಮರಿಯ ಕೋಶಕೇಂದ್ರದೊಳಗೆ ಹೋಗಿ ಕಾಂಡಕೋಶದ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ‘ಬೀಜವಾಗಿಯೇ ಇರು’ ಅನ್ನುವ ನಾಚ್ ಸಂಕೇತವನ್ನು ನಂಬ್ ತಡೆಯುತ್ತದೆ. ‘ನೀನಿನ್ನು ಬೀಜವಲ್ಲ, ಕೆಲಸಕ್ಕೆ ನಡಿ’ ಅನ್ನುವ ಮಾತು ಆ ಹಸಿರು ಗೆರೆಯಲ್ಲಿದೆ. ನಂಬ್ ಅಂದರೆ ಜೋಮು ಹಿಡಿದದ್ದು. ಆ ಜೀನ್ ಕೆಟ್ಟ ಭ್ರೂಣದಲ್ಲಿ ಹೊರಗಿನದನ್ನು ಅರಿಯುವ ನರಗಳು ಹುಟ್ಟುವುದಿಲ್ಲ, ಅದಕ್ಕೇ ಆ ಹೆಸರು. ಅದು ಒಂದೇ ಮರಿಯ ಪಾಲಿಗೆ ಹೋಗುತ್ತದೆ ಅನ್ನುವುದನ್ನು ಲಿಲಿ ಜಾನ್ ಮತ್ತು ಯುಹ್ ನುಂಗ್ ಜಾನ್ ದಂಪತಿಯ ಲ್ಯಾಬ್ 1994ರಲ್ಲಿ ತೋರಿಸಿತು.

ಈಗ ಬ್ರ್ಯಾಟ್ ಕೆಟ್ಟ ಮರಿಹುಳುವಿನ ಮಿದುಳು ತೆಗೆಯಿರಿ. ಹಾಲೆಗಳು ಉಬ್ಬಿರುತ್ತವೆ. ನರಗಳಿರಬೇಕಾದ ಕಡೆಯೆಲ್ಲ ಕಾಂಡಕೋಶಗಳೇ ತುಂಬಿಕೊಂಡಿರುತ್ತವೆ. ಆ ಜೀನಿನ ಹೆಸರೇ ಇಂಗ್ಲಿಷಿನ ಬ್ರೇನ್ ಟ್ಯೂಮರ್ ಅನ್ನುವುದರ ಸಣ್ಣ ರೂಪ.

ಇದು ನಿಜವಾದ ಗಡ್ಡೆಯೇ, ಇಲ್ಲ ಬರೀ ಬೆಳೆದ ಮಾಂಸವೇ? ಎಮ್ಯಾನುಯೆಲ್ ಕೊಸಿನಸ್ ಮತ್ತು ಕಯೆಟಾನೊ ಗೊನ್ಸಾಲೆಸ್ 2005ರಲ್ಲಿ ಇದನ್ನು ಪರೀಕ್ಷಿಸಿದರು. ಪಾಲು ಮಾಡುವ ಜೀನ್ ಕೆಟ್ಟ ಮರಿಹುಳುಗಳ ಮಿದುಳಿನ ಚೂರನ್ನು ಆರೋಗ್ಯವಾಗಿದ್ದ ದೊಡ್ಡ ನೊಣಗಳ ಹೊಟ್ಟೆಯೊಳಗೆ ಇಟ್ಟರು. ಚೂರು 100 ಪಟ್ಟಿಗಿಂತ ಜಾಸ್ತಿ ಬೆಳೆಯಿತು. ಬೇರೆ ಅಂಗಗಳಿಗೆ ನುಗ್ಗಿತು. ಎರಡು ವಾರದಲ್ಲಿ ನೊಣ ಸತ್ತಿತು. ಅದೇ ಗಡ್ಡೆಯನ್ನು ಒಂದು ನೊಣದಿಂದ ಇನ್ನೊಂದಕ್ಕೆ ವರ್ಷಗಟ್ಟಲೆ ದಾಟಿಸುತ್ತಾ ಹೋಗಬಹುದಿತ್ತು.

ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಯಾವುದು ಮೊದಲು ಅನ್ನುವ ವಿಷಯ. ಕ್ಯಾನ್ಸರ್ ಅಂದ ಕೂಡಲೇ ಎಲ್ಲರೂ ಹೇಳುವುದು ಕ್ರೋಮೋಸೋಮುಗಳು ಕೆಟ್ಟವು, ಅದಕ್ಕೇ ಗಡ್ಡೆ ಬಂತು ಅಂತ. ಹಾಗೆ ದಾಟಿಸುತ್ತಾ ಹೋದ ಗಡ್ಡೆಗಳಲ್ಲಿ ಕ್ರೋಮೋಸೋಮುಗಳ ಗೊಂದಲ ಕಂಡದ್ದು ಸುಮಾರು 40 ದಿನ ಆದಮೇಲೆ. ಅಷ್ಟು ಹೊತ್ತಿಗೆ ಗಡ್ಡೆ ಆಗಲೇ ಬೆಳೆದು ನಿಂತಿತ್ತು. 2008ರಲ್ಲಿ ಗೊನ್ಸಾಲೆಸ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕ್ರೋಮೋಸೋಮುಗಳನ್ನು ಕೆಡಿಸುವ ಬೇರೆ ಬೇರೆ ದೋಷಗಳನ್ನು ಇದೇ ರೀತಿ ಪರೀಕ್ಷಿಸಿದಾಗ ಗಡ್ಡೆ ಬರುವುದು ಅಪರೂಪವಾಗಿತ್ತು. ಪಾಲಿನ ದಿಕ್ಕು ಹಿಡಿದು ಕೊಡುವ ಸೆಂಟ್ರೋಸೋಮ್ ಕೆಟ್ಟಾಗ ಗಡ್ಡೆ ಬಂತು.

ನೊಣದ ಮಾತು ಮನುಷ್ಯರಿಗೆ ಯಾಕೆ ಅನ್ನುವವರಿಗೆ ಒಂದು ಮಾತು. ಪಾಲು ಮಾಡುವ ಈ ಪ್ರೊಟೀನುಗಳು ನಮ್ಮಲ್ಲೂ ಇವೆ. ಎದೆಯ ಕ್ಯಾನ್ಸರಿನ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ನಂಬ್ ಕಳೆದುಹೋಗಿರುತ್ತದೆ ಅಂತ ಇಟಲಿಯ ಮಿಲಾನಿನವರು 2004ರಲ್ಲಿ ತೋರಿಸಿದರು. ನಂಬ್ ಬರೀ ಪಾಲು ಮಾಡುವುದಿಲ್ಲ. ಕೋಶದ ಕಾವಲುಗಾರ ಅನ್ನಿಸಿಕೊಂಡ ಪಿ53 ಪ್ರೊಟೀನು ಹಾಳಾಗದ ಹಾಗೆ ಕಾಯುತ್ತದೆ. ಮಿಲಾನಿನವರೇ 2009ರಲ್ಲಿ ಇಲಿಗಳಲ್ಲಿ ನೋಡಿದರು. ಆರೋಗ್ಯವಾದ ಮೊಲೆಯ ಕಾಂಡಕೋಶ ಹೆಚ್ಚಾಗಿ ಅಸಮವಾಗಿ ಒಡೆಯುತ್ತದೆ, ಗಡ್ಡೆಯದು ಹೆಚ್ಚಾಗಿ ಸಮವಾಗಿ. ಪಿ53ಕ್ಕೆ ಬಲ ಕೊಡುವ ಔಷಧಿ ಹಾಕಿದಾಗ ಅಸಮ ವಿಭಜನೆ ಮರಳಿ ಬಂತು, ಗಡ್ಡೆ ಬೆಳೆಯುವುದು ತಗ್ಗಿತು.

ಈ ವಾದ ನನಗೆ ಇಷ್ಟು ಮುಖ್ಯ ಯಾಕೆ ಅಂದರೆ, ಬೇರು ಇಲ್ಲಿದ್ದರೆ ಔಷಧಿಯ ದಾರಿಯೇ ಬೇರೆ. ಇವತ್ತಿನ ಹೆಚ್ಚಿನ ಕೀಮೋ ಒಡೆಯುವ ಕೋಶವನ್ನೆಲ್ಲ ಕೊಲ್ಲುತ್ತದೆ. ಕೂದಲು, ಕರುಳು, ರಕ್ತ ಎಲ್ಲಕ್ಕೂ ಪೆಟ್ಟು. ಕೊಲ್ಲುವ ಬದಲು ‘ಕೆಲಸಕ್ಕೆ ನಡಿ’ ಅಂತ ಹೇಳಿಸಬಾರದೇ? ಒಂದು ರೋಗದಲ್ಲಿ ಅದು ಆಗಿದೆ. ತೀವ್ರ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರಿಗೆ ಶಾಂಘೈನ ವೈದ್ಯರು ವಿಟಮಿನ್ ಎಯ ಒಂದು ರೂಪ ಕೊಟ್ಟು, ಬಲಿಯದೆ ನಿಂತ ಕೋಶಗಳನ್ನು ಬಲಿಯುವಂತೆ ಮಾಡಿದರು. ಆ ಫಲ 1988ರಲ್ಲಿ ಪ್ರಕಟವಾಯಿತು. ಹಿಂದೆ ಜನ ಬೇಗ ಸಾಯುತ್ತಿದ್ದ ಆ ರೋಗ ಈಗ ಹೆಚ್ಚಿನವರಲ್ಲಿ ವಾಸಿಯಾಗುತ್ತದೆ.

ಕಾಕಾ, ನೀವು ನೋಡುವ ಸ್ಲೈಡಿನಲ್ಲಿ ಗಡ್ಡೆ ಆಗಲೇ ದೊಡ್ಡದಾಗಿರುತ್ತದೆ. ನೂರು ದೋಷ ಒಟ್ಟಿಗೆ ಕಾಣುತ್ತವೆ. ಮೊದಲನೆಯದು ಯಾವುದು ಅಂತ ಸತ್ತ ಕೋಶ ಹೇಳುವುದಿಲ್ಲ. ನಾನು ಒಂದೇ ದೋಷ ಹಾಕಿ, ಮೊದಲ ದಿನದಿಂದ ಕಾದು ನೋಡಬಲ್ಲೆ.

ವಿರೋಧ: ಅಲ್ಲ, ತೆನೆ ಬಿಟ್ಟು ಹೊಲ ನೋಡಿ

ಅಣ್ಣನ ಮಗಳು ಬರೆದದ್ದನ್ನು ಎರಡು ಸಲ ಓದಿದೆ. ನೊಣದ ಬಗ್ಗೆ ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಅವಳ ಅಜ್ಜ, ಅಂದರೆ ನಮ್ಮಪ್ಪ, ಬೀಜದ ತೆನೆ ಕಟ್ಟುತ್ತಿದ್ದದ್ದೂ ನಿಜ. ಆದರೆ ಅಪ್ಪ ಒಂದೊಂದು ತೆನೆಯನ್ನೂ ಅರ್ಧ ಬೀಜಕ್ಕೆ ಅರ್ಧ ರೊಟ್ಟಿಗೆ ಅಂತ ಮುರಿಯುತ್ತಿರಲಿಲ್ಲ. ಕೆಲವು ತೆನೆ ಪೂರ್ತಿ ಬೀಜಕ್ಕೆ, ಉಳಿದವು ಪೂರ್ತಿ ರೊಟ್ಟಿಗೆ. ಲೆಕ್ಕ ಸರಿಹೋಗುತ್ತಿದ್ದದ್ದು ತೆನೆಯಲ್ಲಲ್ಲ, ಕಣದಲ್ಲಿ. ನನ್ನ ವಾದ ಇಷ್ಟೇ.

ಕರುಳನ್ನು ತೆಗೆದುಕೊಳ್ಳಿ. ಮೇಣದಲ್ಲಿ ಹುದುಗಿಸಿದ ತುಂಡನ್ನು ಮೈಕ್ರೋಟೋಮಿಗೆ ಕೊಟ್ಟು 4 ಮೈಕ್ರಾನ್ ದಪ್ಪಕ್ಕೆ ಕೊಯ್ದರೆ ರಿಬ್ಬನ್ ಹಾಗೆ ಸುರುಳಿ ಬರುತ್ತದೆ. ಬಿಸಿನೀರಿನ ಮೇಲೆ ತೇಲಿಬಿಟ್ಟರೆ ಸುಕ್ಕು ಬಿಡುತ್ತದೆ. ಕೆಳಗಿನಿಂದ ಗಾಜು ತೂರಿಸಿ ಎತ್ತಬೇಕು. ಕೈ ನಡುಗಿದರೆ ಮಡಿಚಿಕೊಳ್ಳುತ್ತದೆ. ಹೆಮಟಾಕ್ಸಿಲಿನ್ ಹಾಕಿದರೆ ಕೋಶಕೇಂದ್ರ ನೇರಳೆ, ಇಯೋಸಿನ್ ಹಾಕಿದರೆ ಉಳಿದದ್ದು ಗುಲಾಬಿ. ಆಗ ಟೆಸ್ಟ್ ಟ್ಯೂಬ್ ಜೋಡಿಸಿಟ್ಟ ಹಾಗೆ ಸಾಲು ಸಾಲು ಕುಳಿಗಳು ಕಾಣುತ್ತವೆ. ಕಾಂಡಕೋಶಗಳು ಕುಳಿಯ ತಳದಲ್ಲಿ. ಅಲ್ಲಿ ಹುಟ್ಟಿದ್ದು ಮೇಲೇರುತ್ತಾ ಬಲಿತು, ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ. ಮೈಯಲ್ಲಿ ಇಷ್ಟು ಜೋರಾಗಿ ಬೀಜ-ಕಾಳಿನ ವ್ಯವಹಾರ ನಡೆಯುವ ಜಾಗ ಬೇರೆ ಕಡಿಮೆ.

ಅಲ್ಲಿ ಪಾಲು ಹೇಗೆ ನಡೆಯುತ್ತದೆ? 2010ರಲ್ಲಿ ಎರಡು ಬೇರೆ ಬೇರೆ ತಂಡಗಳು ಇಲಿಯ ಕರುಳಿನಲ್ಲಿ ನೋಡಿದವು. ಅದರಲ್ಲಿ ಹ್ಯಾನ್ಸ್ ಕ್ಲೆವರ್ಸ್ ತಂಡ ಒಂದೇ ಕುಳಿಯ ಬೇರೆ ಬೇರೆ ಕಾಂಡಕೋಶಗಳಿಗೆ ಬೇರೆ ಬೇರೆ ಬಣ್ಣ ಬರುವಂತೆ ಮಾಡಿತು. ಪ್ರತಿಯೊಂದೂ ತಪ್ಪದೆ ಒಂದು ಬೀಜ, ಒಂದು ಕಾಳು ಅಂತ ಒಡೆಯುತ್ತಿದ್ದರೆ ಎಲ್ಲ ಬಣ್ಣಗಳೂ ಕೊನೆಯವರೆಗೆ ಉಳಿಯಬೇಕಿತ್ತು. ಉಳಿಯಲಿಲ್ಲ. ತಿಂಗಳುಗಳು ಕಳೆದ ಹಾಗೆ ಒಂದೊಂದು ಕುಳಿಯೂ ಒಂದೇ ಬಣ್ಣಕ್ಕೆ ತಿರುಗಿತು. ಒಂದು ಕಾಂಡಕೋಶ ಎರಡೂ ಬೀಜ ಕೊಡುತ್ತದೆ, ಪಕ್ಕದ್ದು ಎರಡೂ ಕಾಳು ಕೊಟ್ಟು ಅಳಿದುಹೋಗುತ್ತದೆ. ಯಾರು ಉಳಿಯುತ್ತಾರೆ ಅನ್ನುವುದು ಅದೃಷ್ಟ. ಒಟ್ಟು ಸಂಖ್ಯೆ ಮಾತ್ರ ಏರುಪೇರಾಗುವುದಿಲ್ಲ. ಮಗಳೇ, ನೀನು ಗಡ್ಡೆಯ ಬೇರು ಅನ್ನುವ ಸಮ ವಿಭಜನೆ ಆರೋಗ್ಯವಂತ ಕರುಳಿನ ದಿನದ ಕೆಲಸ.

ದೊಡ್ಡ ಕರುಳಿನ ಗಡ್ಡೆ ಹುಟ್ಟುವುದು ಬೇರೆ ದಾರಿಯಲ್ಲಿ. ಆ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 80ರಲ್ಲಿ ಎಪಿಸಿ ಅನ್ನುವ ಜೀನ್ ಕೆಟ್ಟಿರುತ್ತದೆ. ಆ ಜೀನ್ ಕೆಟ್ಟ ಕೋಶಕ್ಕೆ ‘ಬೆಳೆ’ ಅನ್ನುವ ಸಂಕೇತ ನಿಲ್ಲುವುದೇ ಇಲ್ಲ. 2009ರಲ್ಲಿ ಇದೇ ಕ್ಲೆವರ್ಸ್ ತಂಡ ಇಲಿಯ ಕುಳಿಯ ತಳದ ಕಾಂಡಕೋಶಗಳಲ್ಲಿ ಆ ಜೀನ್ ತೆಗೆದಾಗ ಕೆಲವೇ ವಾರಗಳಲ್ಲಿ ಗಡ್ಡೆಗಳು ಬಂದವು. ಗಡ್ಡೆ ಕಾಂಡಕೋಶದಿಂದ ಹುಟ್ಟಬಹುದು, ಅದನ್ನು ನಾನು ಒಪ್ಪುತ್ತೇನೆ. ಆದರೆ ಕೆಟ್ಟದ್ದು ಜೀನ್. ಪಾಲು ಅಲ್ಲ. ಅದಾದಮೇಲೆ 2013ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಬಲಿತು ಕೆಲಸಕ್ಕೆ ಹೋದ ಕರುಳಿನ ಕೋಶವೂ, ಸಂಕೇತಗಳು ಜೋರಾದರೆ, ಹಿಂದೆ ತಿರುಗಿ ಕಾಂಡಕೋಶದ ಗುಣ ಪಡೆದು ಗಡ್ಡೆ ಹುಟ್ಟಿಸಬಲ್ಲದು. ಕಾಳು ಮತ್ತೆ ಬೀಜವಾಗುವುದಾದರೆ ಮೊದಲ ಪಾಲು ಎಷ್ಟು ಸರಿಯಾಗಿದ್ದರೇನು?

ನೊಣದ ವಿಷಯಕ್ಕೇ ಬರುತ್ತೇನೆ. ಪಾಲು ತಪ್ಪಿದರೆ ಗಡ್ಡೆ ಗ್ಯಾರಂಟಿಯೇ? ರೆನಾಟಾ ಬಾಸ್ಟೊ ಮತ್ತು ಜೊತೆಗಾರರು 2006ರಲ್ಲಿ, ಸೆಂಟ್ರೋಸೋಮಿನ ತಿರುಳಾದ ಸೆಂಟ್ರಿಯೋಲುಗಳೇ ಇಲ್ಲದ ನೊಣ ಬೆಳೆಸಿದರು. ಮರಿಹುಳುವಿನ ನ್ಯೂರೋಬ್ಲಾಸ್ಟ್‌ಗಳಲ್ಲಿ ನೂರಕ್ಕೆ ಸುಮಾರು 30 ವಿಭಜನೆ ಹದ ತಪ್ಪುತ್ತಿದ್ದವು. ಆದರೂ ಮರಿಹುಳು ಹೆಚ್ಚುಕಡಿಮೆ ಸರಿಯಾಗಿಯೇ ಬೆಳೆದು ನೊಣವಾಯಿತು. ಅಂಥ ಮಿದುಳಿನ ಚೂರನ್ನು ಇನ್ನೊಂದು ನೊಣದ ಹೊಟ್ಟೆಗೆ ಹಾಕಿದರೆ ಗಡ್ಡೆ ಬರುತ್ತದೆ ಅಂತ ನೀನು ಹೇಳುತ್ತೀಯ. ಹೌದು, ಬರುತ್ತದೆ. ಅಂದರೆ ತನ್ನ ಮನೆಯಲ್ಲಿ ಸುಮ್ನಿದ್ದ ಕೋಶ ಬೇರೆ ಮನೆಯಲ್ಲಿ ಕೆಟ್ಟಿತು. ನೆರೆಹೊರೆ ಅಷ್ಟು ಮುಖ್ಯ. ಹೊತ್ತು ಕೂಡ ಅಷ್ಟೇ ಮುಖ್ಯ. ಪ್ರೊಸ್ಪೆರೊವನ್ನು ಮರಿಹುಳು ಇನ್ನೂ ಎಳೆಯದಾಗಿರುವಾಗ ತೆಗೆದರೆ ನಿಲ್ಲದ ಗಡ್ಡೆ. ಬಲಿತಮೇಲೆ ತೆಗೆದರೆ ಹೆಚ್ಚಾದ ಕೋಶಗಳು ಒಡೆಯುವುದನ್ನು ತಾವೇ ನಿಲ್ಲಿಸುತ್ತವೆ. 2016ರಲ್ಲಿ ಇದನ್ನು ತೋರಿಸಿದ್ದಾರೆ. ದೋಷ ಅದೇ, ಫಲ ಬೇರೆ.

ಮಿಲಾನಿನ ಇಲಿಗಳಲ್ಲಿ ಸಮ ವಿಭಜನೆ ಜಾಸ್ತಿಯಾಗಿತ್ತು, ನಿಜ. ಆ ಇಲಿಗಳಲ್ಲಿ ಮೊದಲೇ ಇಆರ್‌ಬಿಬಿ2 ಅನ್ನುವ ಕ್ಯಾನ್ಸರ್ ಜೀನ್ ತುಂಬಿಟ್ಟಿದ್ದರು. ಸಮ ವಿಭಜನೆ ಅದರ ಹಿಂದೆ ಬಂದದ್ದು. ಶಾಂಘೈನ ಔಷಧಿಯೂ ಹಾಗೇ. ಆ ರಕ್ತದ ಕ್ಯಾನ್ಸರ್ ಹುಟ್ಟುವುದು 15 ಮತ್ತು 17ನೇ ಕ್ರೋಮೋಸೋಮುಗಳ ತುಂಡು ಅದಲುಬದಲಾಗಿ. ಆ ಬೆಸುಗೆಯಿಂದ ಹುಟ್ಟಿದ ತಪ್ಪು ಪ್ರೊಟೀನನ್ನೇ ಔಷಧಿ ಹಿಡಿಯುತ್ತದೆ, ಅದಕ್ಕೇ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ನಾಚ್ ಸಂಕೇತವನ್ನು ತಡೆಯುವ ಮಾತ್ರೆಗಳನ್ನು ಜನರ ಮೇಲೆ ಪರೀಕ್ಷಿಸಿದಾಗ ಜೋರಾದ ಭೇದಿ ಶುರುವಾಯಿತು. ಆರೋಗ್ಯವಾದ ಕರುಳಿಗೂ ಅದೇ ಸಂಕೇತ ಬೇಕು.

ಇನ್ನು ನನ್ನನ್ನು ಈ ವಾದಕ್ಕೆ ಎಳೆದದ್ದನ್ನು ಹೇಳುತ್ತೇನೆ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ವಿಜಯಪುರ, ಕಲಬುರ್ಗಿ, ಬೆಳಗಾವಿ ಕಡೆಯಿಂದ ಜನ ಬರುತ್ತಾರೆ. ಮರಾಠಿ, ಹಿಂದಿ ಸರಿಯಾಗಿ ಬರದವರಿಗೆ ಚೀಟಿ ಓದಿ ಹೇಳಲು ನಿವೃತ್ತಿಯ ಮೇಲೆ ನಾನು ಆಗಾಗ ಹೋಗುತ್ತೇನೆ. ಕೀಮೋ ಯಾವಾಗ, ಯಾವ ಕಿಟಕಿಗೆ ಹೋಗಬೇಕು ಅನ್ನುವುದೆಲ್ಲ ಆದಮೇಲೆ ಅವರು ಕೇಳುವುದು ಒಂದೇ. “ಯಾಕ ಬಂತ್ರಿ ಇದು?” ಅವರ ಜೇಬಿನಲ್ಲಿ ಗುಟ್ಕಾ, ಚೀಲದಲ್ಲಿ ಸುಣ್ಣದ ಡಬ್ಬಿ. ಹೆಂಗಸರ ಹಲ್ಲು ಮಿಶ್ರಿ ತಿಕ್ಕಿ ತಿಕ್ಕಿ ಕಪ್ಪಾಗಿರುತ್ತದೆ. ಹುರಿದು ಪುಡಿಮಾಡಿದ ತಂಬಾಕು ಅದು. ಮಹಾರಾಷ್ಟ್ರದಲ್ಲೂ ನಮ್ಮ ಗಡಿಯ ಊರುಗಳಲ್ಲೂ ಹಲ್ಲುಪುಡಿ ಅಂತಲೇ ತಿಕ್ಕುತ್ತಾರೆ. ಅವರಿಗೆ ‘ನಿಮ್ಮ ಕಾಂಡಕೋಶದ ಪಾಲು ತಪ್ಪಿತು’ ಅಂದರೆ ಮೂಲವನ್ನೇ ಮುಚ್ಚಿಟ್ಟ ಹಾಗೆ. ತಂಬಾಕಿನ ವಿಷ ಬಾಯಿಯ ಪದರದ ಕೋಶಗಳ ಡಿಎನ್‌ಎಗೆ ತಗಲುತ್ತದೆ. ಪಿ53ರ ಜೀನೂ ಕೆಡುತ್ತದೆ. ಇದು ಒಂದು ಕೋಶಕ್ಕಲ್ಲ, ಇಡೀ ಗಲ್ಲಕ್ಕೆ, ವರ್ಷಗಟ್ಟಲೆ.

ಡ್ಯಾನ್ಲಿ ಸ್ಲಾಟರ್ ಮತ್ತು ಜೊತೆಗಾರರು 1953ರಲ್ಲೇ ಇದನ್ನು ಬರೆದಿದ್ದಾರೆ. ಬಾಯಿಯ ಗಡ್ಡೆಗಳ ಸುತ್ತ, ಕಣ್ಣಿಗೆ ಚೆನ್ನಾಗಿ ಕಾಣುವ ಪದರವನ್ನೂ ಕೊಯ್ದು ನೋಡಿದರು. ಅಲ್ಲೂ ಕೋಶಗಳು ಕೆಟ್ಟಿದ್ದವು. ಅವರು ಅದಕ್ಕೆ ಕೊಟ್ಟ ಹೆಸರಿನ ಅರ್ಥವೇ ಹೊಲವೆಲ್ಲ ಕ್ಯಾನ್ಸರಿನ ಕಡೆಗೆ ತಿರುಗಿದೆ ಅಂತ. ನನಗೆ ಆ ಮಾತು ಓದುವ ಮೊದಲೇ ಗೊತ್ತಿತ್ತು.

ನಮ್ಮ ಅವ್ವ ಹದಿನೈದರ ಹುಡುಗಿಯಾಗಿದ್ದಾಗಿನಿಂದ ಮಿಶ್ರಿ ತಿಕ್ಕುತ್ತಿದ್ದಳು. ಎಡಗಲ್ಲದ ಗಡ್ಡೆ ತೆಗೆದಾಗ ಸ್ಲೈಡ್ ನಾನೇ ಕೇಳಿ ತರಿಸಿ ನೋಡಿದೆ. ಗಡ್ಡೆಯಿಂದ ದೂರ, ಅಂಚಿನ ಪದರದಲ್ಲಿ ಕೋಶಕೇಂದ್ರಗಳು ದಪ್ಪಗೆ, ಕಪ್ಪಗೆ, ಒಂದರ ಮೇಲೊಂದು ಏರಿಕೊಂಡಿದ್ದವು. ಇನ್ನೂ ಗಡ್ಡೆಯಾಗಿರಲಿಲ್ಲ. ಎರಡು ವರ್ಷದ ಮೇಲೆ ಬಲಗಲ್ಲದಲ್ಲಿ ಹೊಸದೊಂದು ಬಂತು. ಮೊದಲನೆಯದಕ್ಕೂ ಅದಕ್ಕೂ ನಡುವೆ ಇಡೀ ನಾಲಗೆ ಇತ್ತು.